ನಂದಿಬೆಟ್ಟದ ಮೋಡವೂ ಇಬ್ಬನಿಯ ಲೆಕ್ಕವೂ

ಭಾನುವಾರದ ಬೆಳಗಿನ ಜಾವ, ಇನ್ನೂ ನಕ್ಷತ್ರಗಳು ಮಾಸುವ ಮುನ್ನವೇ, ನಂದಿಬೆಟ್ಟದ ಬುಡದ ಬಾಗಿಲಲ್ಲಿ ವಾಹನಗಳ ಸಾಲು ನಿಂತುಬಿಟ್ಟಿರುತ್ತದೆ. ಬೆಂಗಳೂರಿನಿಂದ ಅರುವತ್ತು ಕಿಲೋಮೀಟರುಗಳಷ್ಟು ದೂರವನ್ನು ಕತ್ತಲಲ್ಲೇ ಕ್ರಮಿಸಿ ಬಂದ ಸಂಸಾರಗಳವು. ತಂದೆಯ ಮುಖದಲ್ಲಿ ಉತ್ಸಾಹ, ತಾಯಿಯ ಮಡಿಲಲ್ಲಿ ನಿದ್ದೆಗಣ್ಣಿನ ಮಗು, ಹಿಂದಿನ ಆಸನದಲ್ಲಿ ಫ್ಲಾಸ್ಕು ಮತ್ತು ಚಿತ್ರಾನ್ನದ ಡಬ್ಬಿ. ಬಂದವರೆಲ್ಲರ ಬಯಕೆಯೂ ಒಂದೇ: ಬೆಟ್ಟದ ನೆತ್ತಿಯಲ್ಲಿ ನಿಂತು, ಕಾಲಕೆಳಗೆ ಹಾಲ್ಗಡಲಿನಂತೆ ಹರಡಿದ ಮೋಡವನ್ನೂ ಅದರ ಅಂಚಿನಿಂದ ಮೇಲೇಳುವ ಸೂರ್ಯನನ್ನೂ ಕಾಣಬೇಕು.

ಆದರೆ ಬೆಟ್ಟ ಎಲ್ಲರಿಗೂ ಒಂದೇ ಮುಖವನ್ನು ತೋರುವುದಿಲ್ಲ. ಕೆಲವು ಮುಂಜಾವುಗಳಲ್ಲಿ ನಿಜಕ್ಕೂ ಹಾಲ್ಗಡಲೇ ಕಾಣುತ್ತದೆ. ಕೆಲವು ದಿನ ಮೋಡವು ತಲೆಯ ಮೇಲೆ ಬೂದುಬಣ್ಣದ ಚಪ್ಪರದಂತೆ ನಿಂತು, ಕೆಳಗೆ ಕೆರೆ, ಹೊಲ, ದ್ರಾಕ್ಷಿತೋಟಗಳೆಲ್ಲ ನಿಚ್ಚಳವಾಗಿ ತೋರುತ್ತವೆ. ಮತ್ತೆ ಕೆಲವು ದಿನ ನೆತ್ತಿಗೆ ನೆತ್ತಿಯೇ ಮೋಡದ ಹೊಟ್ಟೆಯೊಳಗೆ ಸೇರಿಹೋಗಿ, ಹತ್ತು ಮಾರು ಆಚೆಯ ಬಂಡೆಯೂ ಕಾಣದೆ, ಮಕ್ಕಳ ಕೂದಲ ಮೇಲೆ ಹನಿಗಳು ಕಟ್ಟಿಕೊಳ್ಳುತ್ತವೆ. ಎರಡು ಗಂಟೆಗೆ ಎದ್ದು ಬಂದವರು ಬಿಳಿಯ ಗೋಡೆಯೊಂದನ್ನು ನೋಡಿ ಹಿಂದಿರುಗುವಾಗ ಅದೃಷ್ಟವನ್ನು ಹಳಿಯುವುದು ವಾಡಿಕೆ. ಅದೃಷ್ಟದ ಪಾತ್ರ ಇದರಲ್ಲಿ ಜನ ತಿಳಿದಿರುವಷ್ಟು ದೊಡ್ಡದಲ್ಲ. ಎರಡು ಅಂಕಿಗಳು ಗೊತ್ತಿದ್ದರೆ, ಕೂಡುವುದು ಕಳೆಯುವುದು ಬಲ್ಲ ಹೈಸ್ಕೂಲಿನ ಹುಡುಗಿಯೊಬ್ಬಳು ಮನೆಯಲ್ಲಿ ಕುಳಿತೇ ಬಹುಪಾಲು ಸರಿಯಾದ ಉತ್ತರವನ್ನು ಹೇಳಬಲ್ಲಳು.

ನಂದಿದುರ್ಗದ ಎತ್ತರ ಸಮುದ್ರಮಟ್ಟದಿಂದ 1478 ಮೀಟರು. ಅಡಿಯ ಲೆಕ್ಕದಲ್ಲಿ ಸುಮಾರು 4850. ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ಪ್ರಾಚೀನ ದೇಗುಲ, ನೆತ್ತಿಯಲ್ಲಿ ಯೋಗನಂದೀಶ್ವರ. ಭೋಗವನ್ನು ಬಯಲಿಗೆ ಬಿಟ್ಟು ಯೋಗವನ್ನು ಚಳಿಗೆ ಏರಿಸಿದ ಹಿರಿಯರ ವಿವೇಕ ದೊಡ್ಡದು. ಟಿಪ್ಪು ಸುಲ್ತಾನನ ಬೇಸಗೆಯ ಮನೆ ಇಲ್ಲಿದೆ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮುತ್ತಿಗೆ ಹಾಕಿ ಈ ಕೋಟೆಯನ್ನು ಹಿಡಿಯಿತು. ಆ ಮೇಲೆ ಬಂದ ದೊರೆಗಳಿಗೆ ಬೆಟ್ಟದ ತಂಪು ಹಿಡಿಸಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಇಲ್ಲಿ ಮನೆ ಕಟ್ಟಿಸಿಕೊಂಡರು. 1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಸಾರ್ಕ್ ಸಮ್ಮೇಳನದ ವೇಳೆ ನೆರೆನಾಡುಗಳ ನಾಯಕರೂ ಈ ಬೆಟ್ಟಕ್ಕೆ ಬಂದುಹೋದರು. ತಂಪನ್ನು ಅರಸಿ ಬಂದ ಇವರಿಗೆಲ್ಲ ತಂಪಿನ ಜೊತೆಗೆ ಬರುವ ತೇವದ ಪರಿಚಯವೂ ಆಗದೆ ಇರಲಿಲ್ಲ. ಮಳೆಗಾಲದಲ್ಲಿ ಇಲ್ಲಿ ಒಗೆದು ಹರವಿದ ಪಂಚೆ ಎರಡು ದಿನವಾದರೂ ಒಣಗಲೊಲ್ಲದು.

ಅದೇಕೆ ಎಂಬುದರಲ್ಲಿಯೇ ಮೋಡದ ಗುಟ್ಟೂ ಅಡಗಿದೆ.

ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಾವಿ ಸದಾ ಇದ್ದೇ ಇರುತ್ತದೆ. ಬೆಚ್ಚನೆಯ ಗಾಳಿಗೆ ಹೆಚ್ಚು ಆವಿ ಹಿಡಿಸುತ್ತದೆ, ತಣ್ಣನೆಯ ಗಾಳಿಗೆ ಕಡಿಮೆ. ಉಷ್ಣತೆ ಸುಮಾರು ಹತ್ತು ಹನ್ನೊಂದು ಡಿಗ್ರಿ ಏರಿದರೆ ಹಿಡಿಸಬಹುದಾದ ಆವಿ ಇಮ್ಮಡಿಯಾಗುತ್ತದೆ ಎಂದು ಸ್ಥೂಲವಾಗಿ ನೆನಪಿಡಬಹುದು. ಪತ್ರಿಕೆಗಳಲ್ಲಿ ಅಚ್ಚಾಗುವ ಶೇಕಡಾ ಆರ್ದ್ರತೆ, ಎಂದರೆ ಸಾಪೇಕ್ಷ ಆರ್ದ್ರತೆ, ಗಾಳಿಯಲ್ಲಿ ನೀರು ಎಷ್ಟಿದೆಯೆಂಬುದನ್ನು ಹೇಳುವುದಿಲ್ಲ. ಆ ಹೊತ್ತಿನ ಉಷ್ಣತೆಯಲ್ಲಿ ಹಿಡಿಸಬಹುದಾದುದರ ಎಷ್ಟು ಭಾಗ ತುಂಬಿದೆಯೆಂಬುದನ್ನು ಮಾತ್ರ ಹೇಳುತ್ತದೆ. ಇಲ್ಲಿಯೇ ಸಾಮಾನ್ಯ ಓದುಗರು ಮೋಸಹೋಗುವುದು. ಬೆಳಿಗ್ಗೆ 17 ಡಿಗ್ರಿ ಉಷ್ಣತೆಯಿದ್ದಾಗ 90ರಷ್ಟಿದ್ದ ಶೇಕಡಾ ಆರ್ದ್ರತೆ, ಮಧ್ಯಾಹ್ನ 29 ಡಿಗ್ರಿಗೆ ಏರಿದಾಗ 44ಕ್ಕೆ ಇಳಿಯಿತೆಂದರೆ, ಅರ್ಧದಷ್ಟು ನೀರು ಎಲ್ಲಿಯೋ ಹಾರಿಹೋಯಿತೆಂದು ಅರ್ಥವಲ್ಲ. ನೀರು ಹೆಚ್ಚು ಕಡಿಮೆ ಅಷ್ಟೇ ಇದೆ. ಪಾತ್ರೆ ದೊಡ್ಡದಾಯಿತು, ಅಷ್ಟೆ.

ಹಾಗಾದರೆ ನೀರಿನ ನಿಜವಾದ ಅಳತೆ ಯಾವುದು? ಆ ಗಾಳಿಯನ್ನು ಸುಮ್ಮನೆ ತಣಿಸುತ್ತ ಹೋದರೆ ಯಾವುದೋ ಒಂದು ಉಷ್ಣತೆಯಲ್ಲಿ ಪಾತ್ರೆ ತುಂಬಿ ತುಳುಕುತ್ತದೆ, ಆವಿ ಹನಿಯಾಗತೊಡಗುತ್ತದೆ. ಆ ಉಷ್ಣತೆಗೆ ಇಬ್ಬನಿಬಿಂದು ಎಂದು ಹೆಸರು. ಮೇಲೆ ಹೇಳಿದ ಬೆಳಿಗ್ಗೆ ಮತ್ತು ಮಧ್ಯಾಹ್ನಗಳೆರಡರಲ್ಲಿಯೂ ಅದು 15.4 ಡಿಗ್ರಿಯೇ. ಅಂಥ ಗಾಳಿಯ ಒಂದು ಘನಮೀಟರಿನಲ್ಲಿ ಸುಮಾರು 13 ಗ್ರಾಮು ನೀರಿರುತ್ತದೆ. ಉದ್ದ, ಅಗಲ, ಎತ್ತರ ಹತ್ತು ಹತ್ತು ಅಡಿಯಿರುವ ಕೋಣೆಯೊಂದರ ಗಾಳಿಯನ್ನು ಹಿಂಡಲು ಸಾಧ್ಯವಿದ್ದರೆ ಮುನ್ನೂರೈವತ್ತು ಗ್ರಾಮಿಗಿಂತ ಹೆಚ್ಚು ನೀರು ಬಂದೀತು.

ಇದನ್ನು ಅಡಿಗೆಮನೆಯಲ್ಲಿಯೇ ಅಳೆಯಬಹುದು. ಹೊಳೆಯುವ ಸ್ಟೀಲಿನ ಲೋಟಕ್ಕೆ ಅರ್ಧದಷ್ಟು ನೀರು ಹೊಯ್ದು, ಮಂಜುಗಡ್ಡೆಯ ಚೂರುಗಳನ್ನು ಒಂದೊಂದಾಗಿ ಹಾಕಿ ಕಲಕುತ್ತ, ಒಳಗೆ ಉಷ್ಣಮಾಪಕವೊಂದನ್ನು ಇಳಿಬಿಡಬೇಕು. ಹೊರಮೈಯ ಹೊಳಪು ಮಬ್ಬಾದ ಕ್ಷಣದಲ್ಲಿ ಮಾಪಕ ತೋರುವ ಉಷ್ಣತೆಯೇ ಇಬ್ಬನಿಬಿಂದು. ಲೋಟದ ಹತ್ತಿರ ಮುಖವಿಟ್ಟು ಉಸಿರಾಡಬಾರದೆಂಬುದೊಂದೇ ಎಚ್ಚರಿಕೆ. ಮಕ್ಕಳು ಇದನ್ನು ಖಂಡಿತ ಮರೆಯುತ್ತಾರೆ. 1820ರಲ್ಲಿ ಇಂಗ್ಲೆಂಡಿನ ಡೇನಿಯಲ್ ಎಂಬ ವಿಜ್ಞಾನಿ ರಚಿಸಿದ ಆರ್ದ್ರತಾಮಾಪಕದ ತತ್ತ್ವವೂ ಇದಕ್ಕಿಂತ ಬೇರೆಯಲ್ಲ.

ಲೋಟವಿಲ್ಲದೆ ಲೆಕ್ಕದಿಂದಲೇ ಕಂಡುಹಿಡಿಯಬೇಕಾದರೆ ಒಂದು ಸುಲಭ ಸೂತ್ರವಿದೆ. ನೂರರಿಂದ ಶೇಕಡಾ ಆರ್ದ್ರತೆಯನ್ನು ಕಳೆದು, ಉಳಿದುದನ್ನು ಐದರಿಂದ ಭಾಗಿಸಿ, ಬಂದುದನ್ನು ಉಷ್ಣತೆಯಿಂದ ಕಳೆಯುವುದು. ಉಷ್ಣತೆ 20, ಆರ್ದ್ರತೆ 75 ಎಂದಾದರೆ, ನೂರಕ್ಕೆ ಕೊರತೆ 25, ಅದರ ಐದನೆಯ ಒಂದು ಭಾಗ 5, ಇಬ್ಬನಿಬಿಂದು 15. ಆರ್ದ್ರತೆ ಐವತ್ತಕ್ಕಿಂತ ಹೆಚ್ಚಿರುವವರೆಗೆ ಈ ಬಾಯಿಲೆಕ್ಕ ನಂಬಿಕೆಗೆ ಅರ್ಹ. ಕೆಳಗಿಳಿದರೆ ಕೈಕೊಡುತ್ತದೆ. ಕಲಬುರಗಿಯ ಬೇಸಗೆಯ ಮಧ್ಯಾಹ್ನ 42 ಡಿಗ್ರಿ ಉಷ್ಣತೆ, ಶೇಕಡಾ 20 ಆರ್ದ್ರತೆ ಎಂದು ಇಟ್ಟುಕೊಂಡರೆ ಇದು 26 ಎಂದು ಹೇಳುತ್ತದೆ. ನಿಜವಾದ ಉತ್ತರ 14.4.

ನಿಖರವಾಗಿ ಬೇಕೆನ್ನುವವರು ಜರ್ಮನಿಯ ಮ್ಯಾಗ್ನಸ್ 1844ರಲ್ಲಿ ಕೊಟ್ಟ ಸೂತ್ರದ ಇಂದಿನ ರೂಪವನ್ನು ಹಿಡಿಯಬೇಕು. ಕಾಲೇಜು ಮೆಟ್ಟಿಲೇರಿದ ಮಕ್ಕಳಿಗೆ ಇದು ಕಷ್ಟವಲ್ಲ. ಉಷ್ಣತೆ 20ನ್ನು 17.62ರಿಂದ ಗುಣಿಸಿ, 243.12ಕ್ಕೆ ಅದೇ 20ನ್ನು ಕೂಡಿಸಿ ಬಂದ ಮೊತ್ತದಿಂದ ಭಾಗಿಸಿದರೆ 1.339. ಆರ್ದ್ರತೆಯನ್ನು ದಶಮಾಂಶದಲ್ಲಿ 0.75 ಎಂದು ಬರೆದು, ಅದರ ಸ್ವಾಭಾವಿಕ ಲಘುಗಣಕವನ್ನು ತೆಗೆದರೆ ಋಣ 0.288. ಎರಡನ್ನೂ ಕೂಡಿಸಿದಾಗ 1.051. ಇದನ್ನು 243.12ರಿಂದ ಗುಣಿಸಿ, 17.62ರಿಂದ ಇದೇ 1.051ನ್ನು ಕಳೆದು ಉಳಿದುದರಿಂದ ಭಾಗಿಸಬೇಕು. ಉತ್ತರ 15.4. ಬಾಯಿಲೆಕ್ಕಕ್ಕೂ ಇದಕ್ಕೂ ಅಂತರ ಅರ್ಧ ಡಿಗ್ರಿಯೂ ಇಲ್ಲ. ಇಷ್ಟಕ್ಕಾಗಿ ಲಘುಗಣಕದ ಗೊಡವೆ ಏಕೆ ಎಂದು ಕೇಳುವವರಿಗೆ ನಂದಿಬೆಟ್ಟವೇ ಉತ್ತರ ಹೇಳುತ್ತದೆ.

ಬಯಲಿನ ಗಾಳಿ ಬೆಟ್ಟದ ಇಳಿಜಾರನ್ನು ಹತ್ತುವಾಗ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ಕಿಲೋಮೀಟರು ಏರಿಕೆಗೆ ಹತ್ತು ಡಿಗ್ರಿಗೆ ತುಸು ಕಡಿಮೆ. ಅದರ ಇಬ್ಬನಿಬಿಂದುವೂ ಇಳಿಯುತ್ತದೆ, ಆದರೆ ನಿಧಾನವಾಗಿ; ಕಿಲೋಮೀಟರಿಗೆ ಎರಡು ಡಿಗ್ರಿಯೊಳಗೆ. ಹೀಗೆ ಉಷ್ಣತೆಯು ಇಬ್ಬನಿಬಿಂದುವನ್ನು ಬೆನ್ನಟ್ಟಿ ಪ್ರತಿ 125 ಮೀಟರು ಏರಿಕೆಗೆ ಒಂದು ಡಿಗ್ರಿಯಷ್ಟು ಹತ್ತಿರವಾಗುತ್ತದೆ. ಎರಡೂ ಕೂಡಿದ ಎತ್ತರದಲ್ಲಿ ಮೋಡ ಹುಟ್ಟುತ್ತದೆ. ಅಂದರೆ ಬಯಲಿನಲ್ಲಿ ಉಷ್ಣತೆಗೂ ಇಬ್ಬನಿಬಿಂದುವಿಗೂ ಇರುವ ಅಂತರವನ್ನು 125ರಿಂದ ಗುಣಿಸಿದರೆ ಮೋಡದ ತಳ ಎಷ್ಟು ಮೀಟರು ಮೇಲಿದೆಯೆಂಬುದು ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಅಮೆರಿಕದ ಎಸ್ಪಿ ಎಂಬಾತ ಈ ದಾರಿಯನ್ನು ತೋರಿಸಿಕೊಟ್ಟ.

ನಂದಿಯ ಯಾತ್ರಿಕನಿಗೆ ಒದಗಿಬಂದಿರುವ ಒಂದು ಅನುಕೂಲವೆಂದರೆ ದೇವನಹಳ್ಳಿಯ ವಿಮಾನ ನಿಲ್ದಾಣ. 2008ರಲ್ಲಿ ತೆರೆದ ಈ ನಿಲ್ದಾಣದ ಎತ್ತರ 915 ಮೀಟರು. ಅಲ್ಲಿಂದ ಹೊರಡುವ ಹವಾವರದಿಯಲ್ಲಿ ಉಷ್ಣತೆ ಮತ್ತು ಇಬ್ಬನಿಬಿಂದುಗಳನ್ನು ಓರೆಗೆರೆಯಿಟ್ಟು 20/15 ಎಂಬಂತೆ ಜೊತೆಜೊತೆಯಾಗಿ ಕೊಡುತ್ತಾರೆ. ಕೈಯೊಳಗಿನ ದೂರವಾಣಿಯಲ್ಲಿ ಯಾರು ಬೇಕಾದರೂ ನೋಡಬಹುದು. ನಿಲ್ದಾಣಕ್ಕಿಂತ ಬೆಟ್ಟದ ನೆತ್ತಿ 563 ಮೀಟರು ಎತ್ತರ. 125ರಿಂದ ಭಾಗಿಸಿದರೆ ನಾಲ್ಕೂವರೆ. ಆದುದರಿಂದ ಆ ಎರಡು ಅಂಕಿಗಳ ಅಂತರ ನಾಲ್ಕೂವರೆಗಿಂತ ಹೆಚ್ಚಿದ್ದರೆ ಮೋಡ ನೆತ್ತಿಯ ಮೇಲೆ, ಕಡಿಮೆಯಿದ್ದರೆ ನೆತ್ತಿ ಮೋಡದ ಒಳಗೆ.

ಈಗ ಅರ್ಧ ಡಿಗ್ರಿಯ ಬೆಲೆಯನ್ನು ನೋಡಬಹುದು. 20 ಡಿಗ್ರಿ, ಶೇಕಡಾ 75ರ ಬೆಳಿಗ್ಗೆ ನಿಖರವಾದ ಅಂತರ 4.6. ಮೋಡದ ತಳ ನಿಲ್ದಾಣದಿಂದ 575 ಮೀಟರು ಮೇಲೆ, ಎಂದರೆ ಸಮುದ್ರಮಟ್ಟದಿಂದ 1490. ಯೋಗನಂದೀಶ್ವರನ ಗುಡಿಯ ಮೇಲೆ ಹನ್ನೆರಡೇ ಮೀಟರು! ಬಾಯಿಲೆಕ್ಕದ ಐದು ಡಿಗ್ರಿಯನ್ನು ನಂಬಿದವನು ಅರುವತ್ತು ಮೀಟರಿನ ಬಿಡುವು ಇದೆಯೆಂದು ಭ್ರಮಿಸುತ್ತಾನೆ. ಅದೇ 20 ಡಿಗ್ರಿಯಲ್ಲಿ ಆರ್ದ್ರತೆ 80ಕ್ಕೇರಿದರೆ ತಳ 1360 ಮೀಟರಿಗೆ ಇಳಿದು, ಮೇಲಿನ ತಿರುವುಗಳಿಂದಾಚೆಗೆ ರಸ್ತೆಯೇ ಮರೆಯಾಗುತ್ತದೆ. 70ಕ್ಕೆ ಇಳಿದರೆ ಮೋಡ 1620ಕ್ಕೆ ಸರಿದು, ನೋಟ ತೆರೆಯುತ್ತದೆ. ಆರ್ದ್ರತೆ ಶೇಕಡಾ ಹತ್ತು ಹೆಚ್ಚು ಕಡಿಮೆಯಾದರೆ ಸಂಸಾರವೊಂದರ ಭಾನುವಾರವೇ ಬದಲಾಗುತ್ತದೆ. ಹವಾವರದಿಯಲ್ಲಿ ಅಂಕಿಗಳನ್ನು ಪೂರ್ಣ ಡಿಗ್ರಿಗೆ ಸರಿಪಡಿಸಿ ಕೊಡುವುದರಿಂದ ನೂರು ಮೀಟರಿನ ಹೆಚ್ಚುಕಮ್ಮಿ ಆಗಿಯೇ ಆಗುತ್ತದೆಂಬುದನ್ನೂ ಮರೆಯಬಾರದು. ಅಂತರ ಎರಡಿದ್ದರೆ, ಇಲ್ಲವೆ ಏಳಿದ್ದರೆ, ಸಂಶಯಕ್ಕೆ ಎಡೆಯಿಲ್ಲ.

ಆಷಾಢ ಶ್ರಾವಣಗಳಲ್ಲಿ ಬಯಲಿನ ಮುಂಜಾವಿನ ಅಂತರ ಅನೇಕ ವೇಳೆ ಎರಡು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೀಸುಗಾಳಿಯೊಡನೆ ಮೋಡ ಬೆಟ್ಟದ ಅರ್ಧಕ್ಕೇ ಬಂದು ಕೂಡುತ್ತದೆ. ಆಗ ನೆತ್ತಿಯ ನೀಲಗಿರಿ ಮರಗಳ ಕೆಳಗೆ ಮಳೆಯಿಲ್ಲದೆ ಮಳೆ ಬೀಳುವುದನ್ನು ಕಾಣಬಹುದು. ತೇಲಿಹೋಗುವ ಸಣ್ಣ ಹನಿಗಳನ್ನು ಎಲೆಗಳು ಬಾಚಣಿಗೆಯಂತೆ ಬಾಚಿ ದಪ್ಪ ಹನಿಗಳನ್ನಾಗಿ ಕೆಳಗೆ ಸುರಿಸುತ್ತವೆ. ಮರದಡಿ ನಿಂತವರು ತೊಯ್ಯುತ್ತಾರೆ, ಬಯಲಲ್ಲಿ ನಿಂತವರು ಬರಿದೆ ತೇವವಾಗುತ್ತಾರೆ. ಫಾಲ್ಗುಣ ಚೈತ್ರಗಳಲ್ಲಿ ಅಂತರ ಎಂಟು ಹತ್ತಕ್ಕೆ ಹಿಗ್ಗಿ, ಮೋಡವೆಂಬುದು ಬೆಟ್ಟದ ಗೊಡವೆಗೇ ಬರುವುದಿಲ್ಲ.

ಹಾಗಾದರೆ ಹಾಲ್ಗಡಲು? ಅದು ಈ ಸೂತ್ರಕ್ಕೆ ಸಿಕ್ಕುವುದಿಲ್ಲ. 125ರ ಲೆಕ್ಕ ಸಲ್ಲುವುದು ಗಾಳಿ ಬೀಸಿ ಕೆಳಗಿನದೂ ಮೇಲಿನದೂ ಚೆನ್ನಾಗಿ ಬೆರೆತಾಗ. ಹಾಲ್ಗಡಲು ಹುಟ್ಟುವುದು ಗಾಳಿ ಸತ್ತು ಮಲಗಿದ ರಾತ್ರಿಗಳಲ್ಲಿ.

ಇದನ್ನು ತಿಳಿಯಲು ಇಬ್ಬನಿಯ ಬಗೆಗಿನ ಒಂದು ಹಳೆಯ ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಇಬ್ಬನಿ ಬೀಳುತ್ತದೆ ಎನ್ನುವುದು ನಮ್ಮ ಮಾತಿನ ರೂಢಿ. ಹಳಗನ್ನಡದ ‘ಪನಿ’ಯೇ ಹೊಸಗನ್ನಡದ ಹನಿ, ತಮಿಳರು ಇಂದಿಗೂ ಇಬ್ಬನಿಯನ್ನು ‘ಪನಿ’ ಎಂದೇ ಕರೆಯುತ್ತಾರೆ. ಹನಿಯೆಂದ ಮೇಲೆ ಮೇಲಿನಿಂದಲೇ ಬೀಳಬೇಕಷ್ಟೆ ಎಂಬ ಊಹೆ ಸಹಜ. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ 1814ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಊಹೆಯನ್ನು ತಳ್ಳಿಹಾಕಿದ. ರಾತ್ರಿಯ ನಿರಭ್ರ ಆಕಾಶಕ್ಕೆ ನೆಲ, ಹುಲ್ಲು, ಎಲೆಗಳೆಲ್ಲ ತಮ್ಮ ಶಾಖವನ್ನು ಸೂಸಿಬಿಡುತ್ತವೆ. ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಇಬ್ಬನಿಬಿಂದುವಿಗಿಂತ ಕೆಳಗಿಳಿದೊಡನೆ ಪಕ್ಕದ ಗಾಳಿಯ ಆವಿ ಅವುಗಳ ಮೇಲೆಯೇ ಹನಿಗಟ್ಟುತ್ತದೆ. ಬೆಟ್ಟದ ಬುಡದಲ್ಲಿ ರಾತ್ರಿ ನಿಲ್ಲಿಸಿದ ಕಾರುಗಳನ್ನು ನೋಡಿದರೆ ಸಾಕ್ಷ್ಯ ಸಿಗುತ್ತದೆ. ಬಯಲಲ್ಲಿದ್ದುದರ ಚಾವಣಿ ತೊಯ್ದಿರುತ್ತದೆ. ಮರದ ಕೊಂಬೆಯಡಿ ಇದ್ದುದು ಒಣಗಿಯೇ ಇರುತ್ತದೆ. ಬೀಳುವ ವಸ್ತುವಾಗಿದ್ದರೆ ಕೊಡೆ ಹಿಡಿದಂತೆ ಕೊಂಬೆ ತಡೆಯಿತೆನ್ನಬಹುದಿತ್ತು. ನಿಜವಾಗಿ ಕೊಂಬೆ ತಡೆದದ್ದು ಹನಿಯನ್ನಲ್ಲ, ಕಾರಿನಿಂದ ಆಕಾಶಕ್ಕೆ ಹೊರಟ ಶಾಖವನ್ನು.

ಹಿಂಗಾರು ಮಳೆ ಮುಗಿದು ನೆಲ ಇನ್ನೂ ಹಸಿಯಾಗಿರುವ ಕಾರ್ತಿಕದಿಂದ ಪುಷ್ಯದವರೆಗೆ ಇಂಥ ರಾತ್ರಿಗಳು ಬರುತ್ತವೆ. ಆಕಾಶ ತಿಳಿ, ಗಾಳಿ ಸ್ತಬ್ಧ. ಮೊದಲು ಹುಲ್ಲು ತಣಿಯುತ್ತದೆ, ಆಮೇಲೆ ಹುಲ್ಲಿಗೆ ತಗುಲಿದ ಗಾಳಿ, ಆಮೇಲೆ ಅದರ ಮೇಲಿನದು. ತಣ್ಣನೆಯ ಗಾಳಿ ಭಾರವಾದುದರಿಂದ ತಗ್ಗುಗಳಿಗೆ ಜಾರಿ ಕೆರೆಯಂತೆ ನಿಲ್ಲುತ್ತದೆ. ಬಯಲಿನ ಗಾಳಿ 15 ಡಿಗ್ರಿಗೆ ಇಳಿದು ಇಬ್ಬನಿಬಿಂದುವೂ 15 ಆಗಿದ್ದರೆ, ಹತ್ತಾರು ಮೀಟರುಗಳಿಂದ ಹಿಡಿದು ಒಂದೆರಡು ನೂರು ಮೀಟರುಗಳವರೆಗೆ ಕಾವಳ ಕಟ್ಟಿಕೊಳ್ಳುತ್ತದೆ. ಅದರ ಮೇಲಿನ ಗಾಳಿ ಒಣದಾಗಿಯೂ ಕೆಲವೊಮ್ಮೆ ಕೆಳಗಿನದಕ್ಕಿಂತ ಬೆಚ್ಚಗೂ ಇರುತ್ತದೆ. ಬೆಟ್ಟದ ನೆತ್ತಿ ಆ ಒಣಗಾಳಿಯಲ್ಲಿ ತಲೆಯೆತ್ತಿ ನಿಲ್ಲುತ್ತದೆ. ಇದೇ ಹಾಲ್ಗಡಲು. ಅಂದರೆ ವಿಮಾನ ನಿಲ್ದಾಣದ ಎರಡೂ ಅಂಕಿಗಳು ಒಂದೇ ಆಗಿದ್ದು, ಗಾಳಿಯ ವೇಗ ಸೊನ್ನೆಯ ಹತ್ತಿರವಿದ್ದು, ಆಕಾಶದಲ್ಲಿ ಬೇರೆ ಮೋಡವಿಲ್ಲದಿದ್ದರೆ, ಚಿತ್ರಾನ್ನದ ಡಬ್ಬಿಯನ್ನು ಧೈರ್ಯವಾಗಿ ಕಟ್ಟಬಹುದು. ಅದೇ ಹೊತ್ತಿನಲ್ಲಿ ನಿಲ್ದಾಣದೊಳಗೆ ಕುಳಿತ ಪ್ರಯಾಣಿಕರು ವಿಮಾನ ತಡವೆಂಬ ಘೋಷಣೆಯನ್ನು ಕೇಳುತ್ತಿರುತ್ತಾರೆಂಬುದು ಬೇರೆ ಮಾತು.

ನೆತ್ತಿಯ ಮೇಲಿನವರ ಕಣ್ಣಿಗೆ ಹಬ್ಬವಾದ ಈ ಕಾವಳ ಅದರ ತಳದಲ್ಲಿರುವವರಿಗೆ ಬೇರೆಯೇ ಆಗಿ ತೋರುತ್ತದೆ. ಚಿಕ್ಕಬಳ್ಳಾಪುರ, ದೇವನಹಳ್ಳಿಗಳ ಸೀಮೆ ದ್ರಾಕ್ಷಿಯ ಸೀಮೆ. ದ್ರಾಕ್ಷಿಯೆಲೆಯನ್ನು ಕೆಡಿಸುವ ಬೂಜು ರೋಗ, ಬೆಳೆಗಾರರ ಬಾಯಲ್ಲಿ ‘ಡೌನಿ’, ಒಣಗಿದ ಎಲೆಯನ್ನು ಹೊಗಲಾರದು. ಎಲೆಯ ಮೇಲೆ ನೀರು ಕೆಲವು ಗಂಟೆಗಳ ಕಾಲ ನಿಂತರೆ ಮಾತ್ರ ಅದರ ಬೀಜಕಗಳು ಈಜಿ, ಎಲೆಯ ಉಸಿರುರಂಧ್ರಗಳೊಳಗೆ ಇಳಿಯುತ್ತವೆ. ಮಳೆ ಬಂದರೆ ಬೆಳೆಗಾರನಿಗೆ ತಿಳಿಯುತ್ತದೆ. ಇಬ್ಬನಿ ಸದ್ದಿಲ್ಲದೆ ಬಂದು ಆ ಕೆಲಸವನ್ನು ಮಾಡಿಹೋಗುತ್ತದೆ. 1885ರ ಹೊತ್ತಿಗೆ ಫ್ರಾನ್ಸಿನ ಮಿಲಾರ್ಡೆ ಬಳಕೆಗೆ ತಂದ ಬೋರ್ಡೋ ದ್ರಾವಣ, ಎಂದರೆ ಮೈಲುತುತ್ತ ಮತ್ತು ಸುಣ್ಣದ ನೀರು, ಇಂದಿಗೂ ಕೆಲಸಕ್ಕೆ ಬರುತ್ತದೆ. ಆದರೆ ಅದು ಬಾಗಿಲು ಕಾಯುವ ಭಟನೇ ಹೊರತು ಒಳಹೊಕ್ಕ ಕಳ್ಳನನ್ನು ಹಿಡಿಯುವವನಲ್ಲ. ರೋಗ ಎಲೆಯೊಳಗೆ ಇಳಿಯುವ ಮುನ್ನವೇ ಅದು ಎಲೆಯ ಮೇಲಿರಬೇಕು. ಸುಮ್ಮನೆ ಸಿಂಪಡಿಸುತ್ತ ಹೋದರೆ ಹಣವೂ ಹೋಗುತ್ತದೆ, ಮಣ್ಣಿಗೆ ತಾಮ್ರವೂ ಸೇರುತ್ತದೆ.

ಆದುದರಿಂದ ಸಂಜೆಯ ಲೆಕ್ಕಕ್ಕೆ ಬೆಲೆಯಿದೆ. ಆರು ಗಂಟೆಗೆ ತೋಟದಲ್ಲಿ 24 ಡಿಗ್ರಿ, ಶೇಕಡಾ 65 ಆರ್ದ್ರತೆ ಇದ್ದರೆ ಕೊರತೆ 35, ಐದನೆಯ ಒಂದು ಭಾಗ 7, ಇಬ್ಬನಿಬಿಂದು 17. ರಾತ್ರಿಯ ಕನಿಷ್ಠ ಉಷ್ಣತೆ 15 ಎಂದು ಹವಾಮಾನ ಇಲಾಖೆ ಹೇಳಿದ್ದರೆ ಎಲೆ ತೊಯ್ಯುವುದು ನಿಶ್ಚಿತ. ತಿಳಿಯಾದ ರಾತ್ರಿಯಲ್ಲಿ ಎಲೆ ಗಾಳಿಗಿಂತ ಒಂದೆರಡು ಡಿಗ್ರಿ ತಣ್ಣಗಿರುವುದರಿಂದ ಗಾಳಿ ಇನ್ನೂ ಹದಿನೆಂಟರಲ್ಲಿರುವಾಗಲೇ ತೇವ ಶುರುವಾಗುತ್ತದೆ. ಅದೇ 24 ಡಿಗ್ರಿಯಲ್ಲಿ ಆರ್ದ್ರತೆ 45 ಮಾತ್ರವಿದ್ದರೆ ಇಬ್ಬನಿಬಿಂದು 11ರ ಸಮೀಪ. ರಾತ್ರಿ 15ಕ್ಕೆ ಇಳಿದರೂ ಎಲೆ ಒಣಗಿಯೇ ಬೆಳಗು ಕಾಣುತ್ತದೆ, ಸಿಂಪರಣೆಯ ಖರ್ಚು ಉಳಿಯುತ್ತದೆ.

ತೊಯ್ದ ಎಲೆ ಒಣಗುವುದೂ ಇದೇ ಲೆಕ್ಕದ ಇನ್ನೊಂದು ಮಗ್ಗುಲು. ಸೂರ್ಯನೇರಿದಂತೆ ಉಷ್ಣತೆ ಇಬ್ಬನಿಬಿಂದುವನ್ನು ಬಿಟ್ಟು ಮೇಲೇಳುತ್ತದೆ. ಒಂಬತ್ತು ಗಂಟೆಯ ಹೊತ್ತಿಗೆ ಹಾಲ್ಗಡಲು ಅಲ್ಲಲ್ಲಿ ಹರಿದು, ಮೊದಲು ತೆಂಗಿನ ತಲೆಗಳು, ಆಮೇಲೆ ಕೆರೆಯ ಏರಿ, ಕಡೆಗೆ ದ್ರಾಕ್ಷಿಯ ಚಪ್ಪರಗಳು ಹೊರಬೀಳುತ್ತವೆ. ಬೆಟ್ಟದ ಮೇಲಿನವರು ಅಷ್ಟರಲ್ಲಿ ಕಾಫಿ ಮುಗಿಸಿ ಇಳಿಯತೊಡಗಿರುತ್ತಾರೆ. ಕೆಳಗೆ ತೋಟದವನು ಚಪ್ಪರದ ನಡುವೆ ಬಗ್ಗಿ ನಡೆಯುತ್ತ, ಎಲೆಗಳನ್ನು ಮಗುಚಿ, ಹಿಂಬದಿಯಲ್ಲಿ ಬಿಳಿಯ ಬೂಜು ಮೂಡಿದೆಯೇ ಎಂದು ಒಂದೊಂದಾಗಿ ನೋಡುತ್ತಿರುತ್ತಾನೆ.